ಮೈಎಸ್‌ಕ್ಯೂಎಲ್ ಕೈಕೊಟ್ಟಾಗ: ಎರರ್ ನಂಬರಿನಿಂದ ಶುರು ಮಾಡಿ

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್ ಬಳಸುವ ಪ್ರೋಗ್ರಾಮ್ ನಿಂತಾಗ ಪರದೆ ತುಂಬ ಕೆಂಪು ಅಕ್ಷರ ಬರುತ್ತದೆ. ಅದನ್ನು ಪೂರ್ತಿ ಓದುವವರು ಕಡಿಮೆ. ಮೊದಲ ಸಾಲನ್ನು ಕಾಪಿ ಮಾಡಿ ಎಲ್ಲೋ ಹುಡುಕುತ್ತೇವೆ, ಸಿಕ್ಕ ಉಪಾಯವನ್ನು ಸುಮ್ನೆ ಅಂಟಿಸುತ್ತೇವೆ. ಒಂದಿದ್ದ ದೋಷ ಎರಡಾಗುತ್ತದೆ. ನಾನೂ ಬಹಳ ಕಾಲ ಹೀಗೇ ಮಾಡಿದವನು.

ಮೈಎಸ್‌ಕ್ಯೂಎಲ್‌ನಲ್ಲಿ ಆ ಕೆಂಪು ರಾಶಿಯೊಳಗೆ ನಾಲ್ಕಂಕಿಯ ಒಂದು ನಂಬರ್ ಇರುತ್ತದೆ. ಮೊದಲು ಅದನ್ನು ಹುಡುಕಿ. 2002, 2003, 2006 ಹೀಗೆ ಎರಡು ಸಾವಿರದ ಸಾಲಿನದಾದರೆ ಮಾತಾಡುತ್ತಿರುವುದು ನಿಮ್ಮ ಕಡೆಯ ಲೈಬ್ರರಿ, ಅಂದರೆ ಸರ್ವರಿಗೆ ಸಂಪರ್ಕ ಮಾಡಿಸುವ ಕೋಡು. ಸರ್ವರ್‌ವರೆಗೆ ಹೋಗಲು ಆಗಲಿಲ್ಲ, ಇಲ್ಲವೇ ಮಧ್ಯದಲ್ಲಿ ಸಂಪರ್ಕ ಕಡಿಯಿತು ಎಂದು ಅದು ಹೇಳುತ್ತಿದೆ. 1045, 1064, 1213 ಹೀಗೆ ಸಾವಿರದ ಸಾಲಿನದಾದರೆ ಸರ್ವರೇ ಮಾತಾಡುತ್ತಿದೆ. ನಿಮ್ಮ ಮಾತು ಅದಕ್ಕೆ ಮುಟ್ಟಿದೆ, ಆದರೆ ಅದು ಒಪ್ಪಿಲ್ಲ. ನಂಬರೇ ಬರದೆ ಉತ್ತರ ಮಾತ್ರ ತಪ್ಪಾಗಿದ್ದರೆ ನಾವು ಕೇಳಿದ ಪ್ರಶ್ನೆಯನ್ನೇ ಮತ್ತೆ ನೋಡಬೇಕು. ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾದರೆ ಎಲ್ಲಿ ಹುಡುಕಬೇಕು ಅಂತಲೂ ಗೊತ್ತಾಗುತ್ತದೆ.

## ಕೈ ಹಾಕುವ ಮುಂಚೆ

ಜನ ಬಳಸುತ್ತಿರುವ ಡೇಟಾಬೇಸ್ ಆಗಿದ್ದರೆ ಮೊದಲು ಬ್ಯಾಕಪ್ ತೆಗೆಯಿರಿ. ಅದನ್ನು ಬೇರೆ ಕಡೆ ಒಮ್ಮೆ ಹಾಕಿಯೂ ನೋಡಿ. ವಾಪಸ್ ಹಾಕಲು ಬಾರದ ಬ್ಯಾಕಪ್ಪು ಇದ್ದೂ ಇಲ್ಲದ ಹಾಗೆ.

ಅಪ್‌ಡೇಟ್ ಅಥವಾ ಡಿಲೀಟ್ ಬರೆಯುವಾಗ ಮೊದಲು ಅದೇ ‘ವೇರ್’ ಷರತ್ತಿಟ್ಟು ಸೆಲೆಕ್ಟ್ ಮಾಡಿ, ಎಷ್ಟು ಸಾಲು ಬರುತ್ತವೆ ನೋಡಿ. ಮೂರು ಸಾಲು ಬದಲಿಸಲು ಹೋದವನು ಮೂವತ್ತು ಸಾವಿರ ಸಾಲು ಕಂಡರೆ ಅಲ್ಲೇ ನಿಲ್ಲಬಹುದು. ಆಮೇಲೆ ‘ಸ್ಟಾರ್ಟ್ ಟ್ರಾನ್ಸಾಕ್ಷನ್’ ಕೊಟ್ಟು (ಟ್ರಾನ್ಸಾಕ್ಷನ್ ಅಂದರೆ ಎಲ್ಲ ಒಟ್ಟಿಗೆ ಉಳಿಯುವ ಅಥವಾ ಒಟ್ಟಿಗೆ ರದ್ದಾಗುವ ಕೆಲಸಗಳ ಕಟ್ಟು), ಬದಲಿಸಿ, ಸರಿಯಿದ್ದರೆ ಖಾಯಂ ಮಾಡಲು ಕಮಿಟ್, ಇಲ್ಲದಿದ್ದರೆ ವಾಪಸ್ ಪಡೆಯಲು ರೋಲ್‌ಬ್ಯಾಕ್. ಒಂದು ಎಚ್ಚರ: ಆಲ್ಟರ್, ಡ್ರಾಪ್, ಟ್ರಂಕೇಟ್ ಇವಕ್ಕೆ ರೋಲ್‌ಬ್ಯಾಕ್ ಇಲ್ಲ. ಅವು ಓಡುವಾಗಲೇ ತಾವಾಗಿ ಕಮಿಟ್ ಮಾಡಿಬಿಡುತ್ತವೆ. ಅದಕ್ಕೆ ಮುಂಚೆ ನೀವು ಅದೇ ಟ್ರಾನ್ಸಾಕ್ಷನ್ನಿನಲ್ಲಿ ಮಾಡಿದ್ದ ಕೆಲಸವೂ ಅದರೊಡನೆ ಕಮಿಟ್ ಆಗಿಬಿಡುತ್ತದೆ.

ಇನ್ನೊಂದು, ಒಮ್ಮೆಗೆ ಒಂದನ್ನೇ ಬದಲಿಸಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಹೇಳಲು ಬರುವುದಿಲ್ಲ.

## “ಕನೆಕ್ಟೇ ಆಗ್ತಿಲ್ಲ”

2002 ಬಂದರೆ ಅದೇ ಮೆಷಿನ್‌ನ ಸಾಕೆಟ್ ಫೈಲ್ (ಒಂದೇ ಮೆಷಿನ್ನಿನ ಎರಡು ಪ್ರೋಗ್ರಾಮ್ ಮಾತಾಡುವ ದಾರಿ) ಮೂಲಕ ಹೋಗಲು ಆಗಲಿಲ್ಲ ಎಂದರ್ಥ. ಸರ್ವರ್ ಓಡುತ್ತಿದೆಯಾ ನೋಡಿ. ತುಂಬಾ ಸಲ ಉತ್ತರ ಇಷ್ಟೇ ಇರುತ್ತದೆ. ಓಡುತ್ತಿದ್ದರೆ ‘ಲೋಕಲ್‌ಹೋಸ್ಟ್’ ಬದಲು 127.0.0.1 ಹಾಕಿ ನೋಡಿ. ಎರಡೂ ಒಂದೇ ಅಂತ ಅನಿಸುತ್ತದೆ. ಆದರೆ ಲಿನಕ್ಸ್‌ನಲ್ಲಿ ‘ಲೋಕಲ್‌ಹೋಸ್ಟ್’ ಅಂದರೆ ಸಾಕೆಟ್ ಫೈಲ್, 127.0.0.1 ಅಂದರೆ ನೆಟ್‌ವರ್ಕ್ ದಾರಿ. ಎರಡನೆಯದು ಕೆಲಸ ಮಾಡಿದರೆ ಸಾಕೆಟ್ ಫೈಲಿನ ಜಾಗವನ್ನು ನಿಮ್ಮ ಪ್ರೋಗ್ರಾಮಿಗೆ ತಪ್ಪಾಗಿ ಹೇಳಿದ್ದೀರಿ.

2003 ಬಂದರೆ ಅದರ ಕೊನೆಯ ಆವರಣದಲ್ಲಿರುವ ಸಣ್ಣ ನಂಬರನ್ನೂ ಓದಿ. ಲಿನಕ್ಸ್‌ನಲ್ಲಿ 111 ಅಂದರೆ ಮೆಷಿನ್ ಸಿಕ್ಕಿತು, ಆದರೆ ಆ ಪೋರ್ಟಿನಲ್ಲಿ ಬಾಗಿಲು ತೆಗೆಯುವವರಿಲ್ಲ. ಪೋರ್ಟ್ 3306 (ಡೀಫಾಲ್ಟ್ ಅದೇ) ಹೌದೋ ಅಲ್ಲವೋ ನೋಡಿ. ಸರ್ವರಿನ ‘ಬೈಂಡ್ ಅಡ್ರೆಸ್’ 127.0.0.1 ಎಂದಿದ್ದರೆ ಅದು ಹೊರಗಿನವರ ಮಾತು ಕೇಳಿಸಿಕೊಳ್ಳುವುದೇ ಇಲ್ಲ. 110 ಅಂದರೆ ಕೂಗಿದ್ದಕ್ಕೆ ಉತ್ತರವೇ ಬರಲಿಲ್ಲ. ಇದರ ಹಿಂದೆ ಸಾಮಾನ್ಯವಾಗಿ ಫೈರ್‌ವಾಲ್ ಇರುತ್ತದೆ. ಡಾಕರ್ ಬಳಸುವವರು ಇನ್ನೊಂದು ನೋಡಬೇಕು: ಕಂಟೇನರ್ ಒಳಗಿನಿಂದ 127.0.0.1 ಅಂದರೆ ಆ ಕಂಟೇನರೇ, ಹೊರಗಿನ ಮೆಷಿನ್ ಅಲ್ಲ.

1045 ಬಂದರೆ ಖುಷಿಪಡಿ, ಬಾಗಿಲವರೆಗಾದರೂ ಹೋಗಿದ್ದೀರಿ. ಈ ಸಂದೇಶದ ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್’ ಎಂದು ಬರೆದು ಎಸ್ ಅಥವಾ ನೋ ಎಂದಿರುತ್ತದೆ. ನೋ ಅಂತಿದ್ದರೆ ನಿಮ್ಮ ಪ್ರೋಗ್ರಾಮ್ ಪಾಸ್‌ವರ್ಡ್ ಕಳಿಸಿಯೇ ಇಲ್ಲ. ಕಾನ್ಫಿಗ್ ಫೈಲ್ ಓದಿಲ್ಲ, ಇಲ್ಲವೇ ಅದರಲ್ಲಿನ ಹೆಸರಿನ ಸ್ಪೆಲಿಂಗ್ ತಪ್ಪಿದೆ. ಎಸ್ ಅಂತಿದ್ದರೂ ಪಾಸ್‌ವರ್ಡೇ ತಪ್ಪು ಅಂದುಕೊಳ್ಳಬೇಡಿ. ಮೈಎಸ್‌ಕ್ಯೂಎಲ್ ಬಳಕೆದಾರನನ್ನು ಹೆಸರಿನಿಂದ ಮಾತ್ರ ಗುರುತಿಸುವುದಿಲ್ಲ, ಎಲ್ಲಿಂದ ಬಂದ ಅಂತಲೂ ನೋಡುತ್ತದೆ. ಲೋಕಲ್‌ಹೋಸ್ಟಿನಿಂದ ಬರುವ ‘ಆ್ಯಪ್’ ಮತ್ತು ಬೇರೆ ಮೆಷಿನ್ನಿನಿಂದ ಬರುವ ‘ಆ್ಯಪ್’ ಅದರ ಲೆಕ್ಕದಲ್ಲಿ ಇಬ್ಬರು.

ಹಳೆಯ ಪ್ರೋಗ್ರಾಮ್, ಹೊಸ ಸರ್ವರ್ ಆಗಿದ್ದರೆ ಲಾಗಿನ್ ವಿಧಾನದ ಬಗ್ಗೆ ತಕರಾರು ಬರಬಹುದು. 2018ರಲ್ಲಿ ಬಂದ 8.0 ಆವೃತ್ತಿ ಪಾಸ್‌ವರ್ಡ್ ಪರೀಕ್ಷಿಸುವ ಡೀಫಾಲ್ಟ್ ವಿಧಾನವನ್ನೇ ಬದಲಿಸಿತು. 2024ರ 8.4ರಲ್ಲಿ ಹಳೆಯ ವಿಧಾನ ಡೀಫಾಲ್ಟಾಗಿ ಆಫ್, 9.0ರಲ್ಲಿ ಪೂರ್ತಿ ತೆಗೆದೇ ಹಾಕಿದ್ದಾರೆ. ಹಾಗಾಗಿ ಸರ್ವರನ್ನು ಹಿಂದಕ್ಕೆ ಎಳೆಯುವ ಬದಲು ನಿಮ್ಮ ಕಡೆಯ ಡ್ರೈವರ್ (ಮೊದಲು ಹೇಳಿದ ಲೈಬ್ರರಿ) ಅಪ್‌ಡೇಟ್ ಮಾಡಿ.

ಇಲ್ಲಿ ಮಾಡಬಾರದ ಕೆಲಸ: ಕೋಪ ಬಂತು ಅಂತ ರೂಟ್ ಬಳಕೆದಾರನಿಗೆ ಎಲ್ಲ ಕಡೆಯಿಂದಲೂ ಎಲ್ಲ ಅಧಿಕಾರ ಕೊಟ್ಟುಬಿಡುವುದು. ಎರರ್ ಹೋಗುತ್ತದೆ ನಿಜ. ಬಾಗಿಲೂ ತೆರೆದೇ ಉಳಿಯುತ್ತದೆ.

## “ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತೆ, ಸರ್ವರಲ್ಲಿ ಓಡಲ್ಲ”

1146, ಅಂದರೆ ಟೇಬಲ್ ಇಲ್ಲ. ಟೇಬಲ್ ಕಣ್ಣೆದುರೇ ಇದೆ, ಆದರೂ ಇಲ್ಲ ಅನ್ನುತ್ತದೆ. ಟೇಬಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್‌ನಲ್ಲಿ ಎರಡೂ ಒಂದೇ, ಲಿನಕ್ಸ್‌ನಲ್ಲಿ ಬೇರೆ ಬೇರೆ. ಟೇಬಲ್ ಹೆಸರುಗಳನ್ನು ಮೊದಲಿನಿಂದಲೂ ಸಣ್ಣಕ್ಷರದಲ್ಲೇ ಇಟ್ಟರೆ ಈ ಕಾಟ ಇರುವುದಿಲ್ಲ.

1064 ವಾಕ್ಯರಚನೆಯ ತಪ್ಪು. ‘ನಿಯರ್’ ಅಂತ ಹೇಳಿ ಸರ್ವರ್ ಒಂದು ತುಣುಕು ತೋರಿಸುತ್ತದೆ. ತಪ್ಪು ಆ ತುಣುಕಿನ ಮೊದಲ ಪದದಲ್ಲಿರುತ್ತದೆ, ಅಥವಾ ಅದಕ್ಕಿಂತ ಸ್ವಲ್ಪ ಹಿಂದೆ. ಅಲ್ಪವಿರಾಮ ಬಿಟ್ಟುಹೋಗಿದೆಯಾ, ಜಾಸ್ತಿಯಾಗಿದೆಯಾ ನೋಡಿ. ಹಳೆಯ ಸರ್ವರಿನಲ್ಲಿ ಓಡುತ್ತಿದ್ದ ಕ್ವೆರಿ (ಡೇಟಾಬೇಸಿಗೆ ಕಳಿಸುವ ಕಮಾಂಡ್) 8.0ಕ್ಕೆ ಬಂದಮೇಲೆ ಕೆಟ್ಟಿದ್ದರೆ ಕಾಲಂ ಹೆಸರು ನೋಡಿ: ‘ರ‍್ಯಾಂಕ್’, ‘ಗ್ರೂಪ್ಸ್’ ಎಂಬ ಪದಗಳನ್ನು ಆ ಆವೃತ್ತಿ ತನಗೇ ಕಾಯ್ದಿರಿಸಿಕೊಂಡಿದೆ. ಬ್ಯಾಕ್‌ಟಿಕ್ ಚಿಹ್ನೆಯೊಳಗೆ ಇಟ್ಟರೆ ಓಡುತ್ತದೆ.

ಕೆಲವು ಹೆಸರುಗಳಿಗೆ ಮಾತ್ರ 1064 ಬಂದು ಉಳಿದವಕ್ಕೆ ಬರದಿದ್ದರೆ ಅದನ್ನು ಸಣ್ಣ ತಪ್ಪು ಅಂದುಕೊಳ್ಳಬೇಡಿ. ಆ ಹೆಸರಿನಲ್ಲಿ ಒಂಟಿ ಉದ್ಧರಣ ಚಿಹ್ನೆ ಇರುತ್ತದೆ. ನೀವು ಕ್ವೆರಿಯನ್ನು ಸ್ಟ್ರಿಂಗ್ ಜೋಡಿಸಿ ಕಟ್ಟುತ್ತಿದ್ದೀರಿ. ಇವತ್ತು ಒಂದು ಹೆಸರು ಕ್ವೆರಿಯನ್ನು ಮುರಿದಿದೆ. ನಾಳೆ ಬೇಕಂತಲೇ ಬರೆದ ಇನ್ಪುಟ್ಟೊಂದು ಟೇಬಲನ್ನೇ ಓದಿಕೊಂಡು ಹೋಗಬಹುದು. ಚಿಹ್ನೆಯ ಹಿಂದೆ ಸ್ಲ್ಯಾಶ್ ಹಾಕಿ ಸಮಾಧಾನಪಡಬೇಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ ಬದಲಾಯಿಸಿ, ಅಂದರೆ ಕ್ವೆರಿಯನ್ನೂ ಅದಕ್ಕೆ ಹಾಕುವ ಬೆಲೆಗಳನ್ನೂ ಬೇರೆ ಬೇರೆಯಾಗಿ ಕಳಿಸಿ.

1055 ಬಂದರೆ ಗ್ರೂಪ್ ಬೈ ನೋಡಿ. ಗುಂಪಿಗೆ ಸೇರದ ಕಾಲಮ್ಮನ್ನು ಸುಮ್ನೆ ಸೆಲೆಕ್ಟ್ ಮಾಡಿದ್ದೀರಿ. 5.7ರಿಂದ ಇದಕ್ಕೆ ಡೀಫಾಲ್ಟಾಗಿ ತಡೆ ಇದೆ. ಆ ತಡೆಯನ್ನೇ ಆಫ್ ಮಾಡಿ ಅಂತ ಹೇಳುವವರು ಬೇಕಾದಷ್ಟು ಜನ. ಮಾಡಿದರೆ ಗುಂಪಿನ ಯಾವುದೋ ಒಂದು ಸಾಲಿನ ಬೆಲೆ ಬರುತ್ತದೆ, ಯಾವ ಸಾಲು ಅಂತ ಖಾತ್ರಿ ಇಲ್ಲ. ನನ್ನ ಮಟ್ಟಿಗೆ ಎರರ್ ಬರುವುದೇ ವಾಸಿ.

## “ಹಾಕಿದ ಡೇಟಾ ಕಾಣ್ತಿಲ್ಲ”

ಎರರ್ ಇಲ್ಲ, ಇನ್ಸರ್ಟ್ ಆಯಿತು ಅನ್ನುತ್ತದೆ, ಹೋಗಿ ನೋಡಿದರೆ ಟೇಬಲ್ ಖಾಲಿ.

ಮೊದಲು ನೀವು ಯಾವ ಡೇಟಾಬೇಸಿನಲ್ಲಿದ್ದೀರಿ ನೋಡಿ. ‘ಸೆಲೆಕ್ಟ್ ಡೇಟಾಬೇಸ್’ ಫಂಕ್ಷನ್ನನ್ನು ನಿಮ್ಮ ಪ್ರೋಗ್ರಾಮ್ ಒಳಗಿಂದಲೇ ಓಡಿಸಿ, ‘ಹೋಸ್ಟ್‌ನೇಮ್’ ಕೂಡ ಕೇಳಿ. ನಾನು ಒಮ್ಮೆ ಅರ್ಧ ದಿನ ಪ್ರೋಗ್ರಾಮನ್ನು ಬೈದಿದ್ದೇನೆ. ಅದು ಪಾಪ ಟೆಸ್ಟ್ ಸರ್ವರಿಗೆ ಸರಿಯಾಗಿ ಬರೆಯುತ್ತಿತ್ತು. ನಾನು ನೋಡುತ್ತಿದ್ದದ್ದು ಇನ್ನೊಂದನ್ನು.

ಅದು ಸರಿ ಇದ್ದರೆ ಕಮಿಟ್. ಮೈಎಸ್‌ಕ್ಯೂಎಲ್ ತಾನಾಗಿ ಪ್ರತಿ ಕಮಾಂಡಿಗೂ ಕಮಿಟ್ ಮಾಡುತ್ತದೆ. ಆದರೆ ಪೈಥಾನ್‌ನ ಡೇಟಾಬೇಸ್ ಲೈಬ್ರರಿಗಳು ತಮ್ಮ ಕಡೆಯಿಂದ ಅದನ್ನು ಆಫ್ ಮಾಡುತ್ತವೆ, ಆ ಭಾಷೆಯ ನಿಯಮವೇ ಹಾಗಿದೆ. ಕಮಿಟ್ ಕರೆಯದೆ ಪ್ರೋಗ್ರಾಮ್ ಮುಗಿದರೆ ಹಾಕಿದ್ದೆಲ್ಲ ವಾಪಸ್. ಜಾವಾದಲ್ಲಿ ಇದು ಉಲ್ಟಾ, ಡೀಫಾಲ್ಟಾಗಿ ಆನ್. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದವರು ಇಲ್ಲಿ ಎಡವುತ್ತಾರೆ. ನಂಬರಿನಲ್ಲಿ ಒಂದು ಸುಳಿವು ಇದೆ: ತಾನಾಗಿ ಏರುವ ಐಡಿ ಮಧ್ಯದಲ್ಲಿ ಹಾರಿದ್ದರೆ ಸಾಲು ಒಳಗೆ ಹೋಗಿ ವಾಪಸ್ ಬಂದಿರಬಹುದು. ರೋಲ್‌ಬ್ಯಾಕ್ ಆದರೂ ಆ ಎಣಿಕೆ ಹಿಂದಕ್ಕೆ ಬರುವುದಿಲ್ಲ.

ಮೂರನೆಯ ಕಾರಣ ಸ್ವಲ್ಪ ಕಳ್ಳತನದ್ದು. ಸಾಲು ಕಮಿಟ್ ಆಗಿದೆ, ಬೇರೆ ವಿಂಡೋದಲ್ಲಿ ಕಾಣುತ್ತದೆ, ನಿಮ್ಮದರಲ್ಲಿ ಮಾತ್ರ ಇಲ್ಲ. ನಿಮ್ಮ ಕನೆಕ್ಷನ್ನಿನಲ್ಲಿ ಹಳೆಯ ಟ್ರಾನ್ಸಾಕ್ಷನ್ ಇನ್ನೂ ತೆರೆದಿರುತ್ತದೆ. ಸರ್ವರಿನೊಳಗೆ ಡೇಟಾ ಇಡುವ ಎಂಜಿನ್ ಆದ ಇನ್ನೋಡಿಬಿಯ ಡೀಫಾಲ್ಟ್ ಪದ್ಧತಿಯಲ್ಲಿ ಟ್ರಾನ್ಸಾಕ್ಷನ್ ಮೊದಲ ಸಲ ಓದಿದಾಗ ಡೇಟಾ ಹೇಗಿತ್ತೋ ಕೊನೆಯವರೆಗೂ ಹಾಗೇ ಕಾಣಿಸುತ್ತದೆ. ಕಮಿಟ್ ಅಥವಾ ರೋಲ್‌ಬ್ಯಾಕ್ ಕೊಟ್ಟು ಮತ್ತೆ ಓದಿ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಹೀಗಿಲ್ಲ, ಆ ಇನ್ನೊಂದು ಡೇಟಾಬೇಸಿನಿಂದ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ.

## “ಓಡುತ್ತೆ, ಆದ್ರೆ ಉತ್ತರ ತಪ್ಪು”

ಮೊದಲು ‘ಶೋ ವಾರ್ನಿಂಗ್ಸ್’ ಕೊಡಿ. ಖರ್ಚಿಲ್ಲದ ಪರೀಕ್ಷೆ, ಯಾರೂ ಮಾಡುವುದಿಲ್ಲ. ಅಕ್ಷರದ ಕಾಲಮ್ಮನ್ನು 0 ಜೊತೆ ಹೋಲಿಸಿದರೆ ಅಕ್ಷರದಿಂದ ಶುರುವಾಗುವ ಎಲ್ಲ ಸಾಲುಗಳೂ ಹೊಂದಿಕೆಯಾಗುತ್ತವೆ. ಅಕ್ಷರವನ್ನು ಸಂಖ್ಯೆ ಮಾಡಲು ಹೋಗಿ ಸರ್ವರ್ ಅದನ್ನು 0 ಎಂದುಕೊಳ್ಳುತ್ತದೆ. ಇದನ್ನು ಹೇಳುವುದು ಆ ವಾರ್ನಿಂಗ್ ಮಾತ್ರ.

ಸಾಲುಗಳು ಕಡಿಮೆ ಬಂದರೆ ನಲ್ ನೋಡಿ. ನಲ್ ಅಂದರೆ ‘ಗೊತ್ತಿಲ್ಲ’. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮ ಅಂತ ಹೇಳಲಾಗುವುದಿಲ್ಲ. ಆದ್ದರಿಂದ ಸಮ ಚಿಹ್ನೆಯಿಂದ ನಲ್ ಸಿಗುವುದಿಲ್ಲ, ‘ಈಸ್ ನಲ್’ ಬರೆಯಬೇಕು. ‘ನಾಟ್ ಇನ್’ ಪಟ್ಟಿಯೊಳಗೆ ಒಂದೇ ಒಂದು ನಲ್ ಸೇರಿಕೊಂಡರೂ ಉತ್ತರ ಪೂರ್ತಿ ಖಾಲಿ. ಅಲ್ಲಿ ‘ನಾಟ್ ಎಕ್ಸಿಸ್ಟ್ಸ್’ ಬಳಸಿ.

ಮೊತ್ತ ಜಾಸ್ತಿ ಬಂದರೆ ಜಾಯಿನ್, ಅಂದರೆ ಎರಡು ಟೇಬಲ್ ಜೋಡಿಸಿದ ಕಡೆ ನೋಡಿ. ಒಂದು ಬಿಲ್ಲಿಗೆ ಮೂರು ಐಟಂ ಇದ್ದರೆ ಜಾಯಿನ್ ಆದಮೇಲೆ ಆ ಬಿಲ್ಲಿನ ಮೊತ್ತ ಮೂರು ಸಲ ಕೂಡುತ್ತದೆ. ಡಿಸ್ಟಿಂಕ್ಟ್ ಹಾಕಿ ಮುಚ್ಚಬೇಡಿ, ಒಂದೇ ಮೊತ್ತದ ಎರಡು ಬಿಲ್ ಇದ್ದ ದಿನ ಅದು ಕಡಿಮೆ ಲೆಕ್ಕ ಕೊಡುತ್ತದೆ. ಮೊದಲು ಐಟಂಗಳನ್ನು ಗುಂಪು ಮಾಡಿ, ಆಮೇಲೆ ಜಾಯಿನ್ ಮಾಡಿ. ಪೈಸೆಯಷ್ಟು ವ್ಯತ್ಯಾಸ ಬಂದರೆ ಕಾಲಂ ‘ಫ್ಲೋಟ್’ ಆಗಿರುತ್ತದೆ. ಹಣಕ್ಕೆ ‘ಡೆಸಿಮಲ್’ ಬೇಕು.

## “ಕನ್ನಡ ಅಕ್ಷರದ ಜಾಗದಲ್ಲಿ ಏನೇನೋ ಬರ್ತಿದೆ”

ಇದನ್ನು ಎರಡು ಬಗೆಯಾಗಿ ನೋಡಬೇಕು. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತಿದೆಯಾ, ಅಥವಾ ತಲೆ ಮೇಲೆ ಗೆರೆ ಹೊತ್ತ ‘ಎ’ ಅಕ್ಷರ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಹೀಗೆ ಕಸ ಬರುತ್ತಿದೆಯಾ?

ಪ್ರಶ್ನಾರ್ಥಕ ಆಗಿದ್ದರೆ ಆ ಕಾಲಮ್ಮನ್ನು ‘ಹೆಕ್ಸ್’ ಫಂಕ್ಷನ್ ಹಾಕಿ ಓದಿ. ಬರೀ 3ಎಫ್, 3ಎಫ್ ಅಂತ ಬಂದರೆ ಅಕ್ಷರ ಹೋಗಿಬಿಟ್ಟಿದೆ, ಉಳಿದಿರುವುದು ಪ್ರಶ್ನಾರ್ಥಕವೇ. ಬ್ಯಾಕಪ್ ಅಥವಾ ಮೂಲ ಫೈಲಿನಿಂದಲೇ ಮತ್ತೆ ತುಂಬಬೇಕು. ಇ0ಬಿ2 ಅಥವಾ ಇ0ಬಿ3 ಅಂತ ಶುರುವಾದರೆ ಅಕ್ಷರ ಒಳಗೆ ಕ್ಷೇಮವಾಗಿದೆ, ಓದುವ ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ (ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಮಾತ್ರ ತಪ್ಪು. ಕನ್ನಡದ ಯಾವ ಅಕ್ಷರವೂ ಯುಟಿಎಫ್-8ರಲ್ಲಿ ಈ ಎರಡರಲ್ಲಿ ಒಂದರಿಂದಲೇ ಶುರುವಾಗುತ್ತದೆ.

ಕಸ ಬರುತ್ತಿದ್ದರೆ ಸರಿಯಾದ ಬೈಟ್‌ಗಳನ್ನೇ ಯಾರೋ ಲ್ಯಾಟಿನ್ ಅಂದುಕೊಂಡಿದ್ದಾರೆ. ಬಹುತೇಕ ವಾಪಸ್ ತರಬಹುದು. ಆದರೆ ಟೇಬಲ್ಲಿನ ನಕಲು ಮಾಡಿ, ನಕಲಿನ ಮೇಲೆ ಪ್ರಯೋಗ ಮಾಡಿ. ಅರ್ಧ ಸಾಲು ಸರಿ, ಅರ್ಧ ಸಾಲು ಕಸ ಇರುವ ಟೇಬಲ್ಲಿಗೆ ಒಟ್ಟಿಗೆ ಮದ್ದು ಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ.

ಕನ್ನಡ ಸರಿಯಾಗಿ ಬರುತ್ತೆ, ಇಮೋಜಿ ಹಾಕಿದರೆ ಮಾತ್ರ 1366 ಅಂತಾದರೆ ಕಾರಣ ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’. ಅದು ಅಕ್ಷರಕ್ಕೆ ಮೂರು ಬೈಟ್ ಮಾತ್ರ ಕೊಡುತ್ತದೆ. ಕನ್ನಡಕ್ಕೆ ಮೂರು ಸಾಕು, ಇಮೋಜಿಗೆ ನಾಲ್ಕು ಬೇಕು. ಟೇಬಲ್ಲನ್ನೂ ಕನೆಕ್ಷನ್ನನ್ನೂ ‘ಯುಟಿಎಫ್8ಎಂಬಿ4’ಕ್ಕೆ ಬದಲಿಸಿ. 8.0ರಿಂದ ಅದೇ ಡೀಫಾಲ್ಟ್.

1406, ಅಂದರೆ ಡೇಟಾ ಉದ್ದ ಜಾಸ್ತಿ. ಕಣ್ಣಿಗೆ ಚಿಕ್ಕದಾಗಿ ಕಂಡರೂ ಬರುತ್ತದೆ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಡೇಟಾಬೇಸಿಗೆ ಅದು ಸ, ಒತ್ತು, ತ, ಒತ್ತು, ರ, ದೀರ್ಘ ಹೀಗೆ ಆರು ಅಕ್ಷರ, 18 ಬೈಟ್. ಕಾಲಮ್ಮಿನ ಉದ್ದ ಇಡುವಾಗ ಇಂಗ್ಲಿಷ್ ಹೆಸರಿನ ಲೆಕ್ಕ ಹಾಕಬೇಡಿ.

## “ತುಂಬಾ ನಿಧಾನ”

ಒಂದು ಕ್ವೆರಿ ನಿಧಾನವೋ, ನೂರು ಕ್ವೆರಿ ಸೇರಿ ನಿಧಾನವೋ? ಇದನ್ನು ಮೊದಲು ತಿಳಿಯಬೇಕು. ಒಂದು ಪುಟ ತೆರೆದಾಗ ಎಷ್ಟು ಕ್ವೆರಿ ಹೋಗುತ್ತವೆ ಎಣಿಸಿ. ಪಟ್ಟಿಯಲ್ಲಿ 200 ಸಾಲಿದ್ದು 201 ಕ್ವೆರಿ ಹೋದರೆ ಲೂಪಿನೊಳಗೆ ಒಂದೊಂದಾಗಿ ಕೇಳುತ್ತಿದ್ದೀರಿ. ಒಂದು ಜಾಯಿನ್ ಬರೆದರೆ ಮುಗಿಯಿತು, ಸರ್ವರಿಗೆ ಮೆಮೊರಿ ಹೆಚ್ಚಿಸುವುದು ಬೇಡ.

ಒಂದೇ ಕ್ವೆರಿ ನಿಧಾನವಾಗಿದ್ದರೆ ಅದರ ಮುಂದೆ ‘ಎಕ್ಸ್‌ಪ್ಲೇನ್’ ಹಾಕಿ. ‘ಟೈಪ್’ ಕಾಲಮ್ಮಿನಲ್ಲಿ ‘ಆಲ್’ ಅಂತ ಬಂದು, ‘ರೋಸ್’ (ಓದಬೇಕಾದ ಸಾಲುಗಳ ಅಂದಾಜು) ದೊಡ್ಡ ಸಂಖ್ಯೆ ತೋರಿಸಿದರೆ ಸರ್ವರ್ ಟೇಬಲ್ಲನ್ನು ಮೊದಲಿನಿಂದ ಕೊನೆವರೆಗೆ ಓದುತ್ತಿದೆ. ವೇರ್ ಮತ್ತು ಜಾಯಿನ್ ಬಳಸುವ ಕಾಲಮ್ಮಿಗೆ ಇಂಡೆಕ್ಸ್ (ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿ) ಇದೆಯಾ ನೋಡಿ.

ಇಂಡೆಕ್ಸ್ ಇದ್ದೂ ಬಳಸುತ್ತಿಲ್ಲವಾದರೆ ಬರೆದ ರೀತಿ ನೋಡಿ. ತಾರೀಖಿನ ಕಾಲಮ್ಮನ್ನು ‘ಇಯರ್’ ಫಂಕ್ಷನ್ನಿನೊಳಗೆ ಇಟ್ಟರೆ ಕಾಲಮ್ಮಿನ ಇಂಡೆಕ್ಸ್ ಸುಮ್ಮನೆ ಕೂರುತ್ತದೆ. ಜನವರಿ 1ರಿಂದ ಮುಂದಿನ ಜನವರಿ 1ರೊಳಗೆ ಅಂತ ಬರೆಯಿರಿ. ‘ಲೈಕ್’ ಹುಡುಕಾಟ ಶೇಕಡಾ ಚಿಹ್ನೆಯಿಂದ ಶುರುವಾದರೂ ಅದೇ ಕತೆ. ಫೋನ್ ನಂಬರಿನ ಕಾಲಂ ಅಕ್ಷರದ್ದಾಗಿದ್ದು ನೀವು ಉದ್ಧರಣ ಚಿಹ್ನೆ ಇಲ್ಲದೆ ಸಂಖ್ಯೆ ಕೊಟ್ಟರೂ ಇಂಡೆಕ್ಸ್ ಬಳಕೆಯಾಗುವುದಿಲ್ಲ. ಇದನ್ನು ಹುಡುಕಲು ನನಗೆ ಬಹಳ ಹೊತ್ತು ಹಿಡಿದಿತ್ತು, ಕ್ವೆರಿ ನೋಡಲು ಅಷ್ಟು ಸರಿಯಾಗಿತ್ತು.

8.0.18ರಿಂದ ‘ಎಕ್ಸ್‌ಪ್ಲೇನ್ ಅನಲೈಸ್’ ಇದೆ. ಅದು ಅಂದಾಜು ಮಾತ್ರ ಹೇಳುವುದಿಲ್ಲ, ಕ್ವೆರಿಯನ್ನು ನಿಜವಾಗಿ ಓಡಿಸಿ ಸಮಯ ಹೇಳುತ್ತದೆ. ಅರ್ಧ ಗಂಟೆ ಓಡುವ ಕ್ವೆರಿಗೆ ಜನ ಬಳಸುವ ಹೊತ್ತಿನಲ್ಲಿ ಹಾಕಬೇಡಿ. ದೊಡ್ಡ ಟೇಬಲ್ಲಿಗೆ ಇಂಡೆಕ್ಸ್ ಸೇರಿಸುವುದನ್ನೂ ಆ ಹೊತ್ತಿನಲ್ಲಿ ಮಾಡಬೇಡಿ. ಯಾವ ಕ್ವೆರಿ ನಿಧಾನ ಅಂತಲೇ ಗೊತ್ತಿಲ್ಲದಿದ್ದರೆ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ. ಅದರ ಡೀಫಾಲ್ಟ್ ಮಿತಿ 10 ಸೆಕೆಂಡು. ಅಷ್ಟು ಹೊತ್ತು ಯಾರು ಕಾಯುತ್ತಾರೆ? 1 ಸೆಕೆಂಡಿಗೆ ಇಳಿಸಿ.

## “ಸ್ವಲ್ಪ ಹೊತ್ತು ನಿಂತು ಎರರ್ ಕೊಡುತ್ತೆ”

ಸುಮಾರು 50 ಸೆಕೆಂಡು ಕಾದು 1205 ಬಂದರೆ ನಿಮಗೆ ಬೇಕಾದ ಸಾಲನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ. ‘ಶೋ ಪ್ರೋಸೆಸ್‌ಲಿಸ್ಟ್’ ನೋಡಿ. ಕಳ್ಳ ಸಾಮಾನ್ಯವಾಗಿ ‘ಸ್ಲೀಪ್’ ಅಂತ ಮಲಗಿರುವ ಕನೆಕ್ಷನ್ನೇ. ಯಾರೋ ಟ್ರಾನ್ಸಾಕ್ಷನ್ ತೆರೆದು ಕಮಿಟ್ ಮಾಡದೆ ಎದ್ದುಹೋಗಿದ್ದಾರೆ. ಅದನ್ನು ಕಿಲ್ ಮಾಡುವ ಮುಂಚೆ ಯಾರದು ಅಂತ ಕೇಳಿ. ಒಂದು ಸೂಕ್ಷ್ಮ ಇದೆ: 1205 ಬಂದಾಗ ಡೀಫಾಲ್ಟಾಗಿ ಆ ಒಂದು ಕಮಾಂಡ್ ಮಾತ್ರ ರದ್ದಾಗುತ್ತದೆ, ಟ್ರಾನ್ಸಾಕ್ಷನ್ ಇನ್ನೂ ಜೀವಂತ. ಕೋಡು ಅದನ್ನು ಗಮನಿಸದೆ ಕಮಿಟ್ ಕೊಟ್ಟರೆ ಅರ್ಧ ಕೆಲಸ ಉಳಿಯುತ್ತದೆ. ನೀವೇ ರೋಲ್‌ಬ್ಯಾಕ್ ಮಾಡಿ.

ಕಾಯದೆ ತಕ್ಷಣ 1213 ಬಂದರೆ ಅದು ಡೆಡ್‌ಲಾಕ್. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಿದ್ದರು, ಸರ್ವರ್ ಒಬ್ಬರ ಪೂರ್ತಿ ಟ್ರಾನ್ಸಾಕ್ಷನ್ ರದ್ದು ಮಾಡಿತು. ಅಪರೂಪಕ್ಕೆ ಬಂದರೆ ಇದು ರೋಗ ಅಲ್ಲ, ಟ್ರಾನ್ಸಾಕ್ಷನ್ನನ್ನು ಮೊದಲಿನಿಂದ ಮತ್ತೆ ಓಡಿಸುವ ಕೋಡು ಇರಬೇಕು ಅಷ್ಟೆ. ಪದೇ ಪದೇ ಬಂದರೆ ‘ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್’ ಕೊನೆಯ ಡೆಡ್‌ಲಾಕಿನ ಎರಡೂ ಕಡೆಯನ್ನು ತೋರಿಸುತ್ತದೆ. ಒಂದು ಕಡೆ ಎ ಆಮೇಲೆ ಬಿ, ಇನ್ನೊಂದು ಕಡೆ ಬಿ ಆಮೇಲೆ ಎ ಮುಟ್ಟುತ್ತಿರುತ್ತಾರೆ. ಎರಡೂ ಕಡೆ ಒಂದೇ ಕ್ರಮಕ್ಕೆ ತನ್ನಿ.

## “ಬೆಳಿಗ್ಗೆ ಮೊದಲ ಸಲ ಮಾತ್ರ ಕೆಡುತ್ತೆ”

ಸಾಮಾನ್ಯವಾಗಿ ಬರುವ ನಂಬರ್ 2006. ರಾತ್ರಿಯೆಲ್ಲ ಸುಮ್ಮನಿದ್ದ ಕನೆಕ್ಷನ್ನನ್ನು ಸರ್ವರ್ ಮುಚ್ಚಿದೆ. ಡೀಫಾಲ್ಟ್ ಅವಧಿ 28,800 ಸೆಕೆಂಡು, ಅಂದರೆ 8 ಗಂಟೆ. ತೆರೆದ ಕನೆಕ್ಷನ್ ಇಟ್ಟುಕೊಂಡು ಮತ್ತೆ ಮತ್ತೆ ಬಳಸುವ ಕನೆಕ್ಷನ್ ಪೂಲಿನಲ್ಲಿ ಅದಕ್ಕಿಂತ ಮುಂಚೆ ಹೊಸದು ಮಾಡುವ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿ. ದೊಡ್ಡ ಫೈಲ್ ಹಾಕುವಾಗ ಮಾತ್ರ 2006 ಬಂದರೆ ಪ್ಯಾಕೆಟ್ ಗಾತ್ರದ ಮಿತಿ ನೋಡಿ, 8.0ರ ಸರ್ವರಿನಲ್ಲಿ ಅದು 64 ಎಂಬಿ.

1040 ಅಂದರೆ ಕನೆಕ್ಷನ್ ಜಾಸ್ತಿಯಾಗಿದೆ. ಡೀಫಾಲ್ಟ್ 151. ಕೂಡಲೇ ಸಾವಿರಕ್ಕೆ ಏರಿಸುವ ಮನಸ್ಸಾಗುತ್ತದೆ. ಎರರ್ ಬಂದ ಹಾದಿಯಲ್ಲಿ ಕನೆಕ್ಷನ್ ಮುಚ್ಚದೆ ಬಿಟ್ಟ ಕೋಡು ಎಲ್ಲೋ ಇದ್ದರೆ ಸಾವಿರವೂ ತುಂಬುತ್ತದೆ, ಅಷ್ಟರಲ್ಲಿ ಮೆಮೊರಿಯೂ ಮುಗಿಯುತ್ತದೆ.

## ಕೈ ತೆಗೆದು ತಿಳಿದವರನ್ನು ಕರೆಯಬೇಕಾದಾಗ

ಡಿಸ್ಕ್ ತುಂಬಿದರೆ ಡೇಟಾ ಫೋಲ್ಡರಿನೊಳಗೆ ಹೋಗಿ ದೊಡ್ಡ ಫೈಲ್ ನೋಡಿ ಅಳಿಸಬೇಡಿ. ಅದರಲ್ಲಿ ಒಂದು ಇಡೀ ಡೇಟಾಬೇಸಿನ ಜೀವ ಇರಬಹುದು. ಬೈನರಿ ಲಾಗ್‌ಗಳನ್ನೂ (ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ) ಕೈಯಿಂದ ಅಳಿಸಬಾರದು, ಅದಕ್ಕೆ ‘ಪರ್ಜ್ ಬೈನರಿ ಲಾಗ್ಸ್’ ಕಮಾಂಡ್ ಇದೆ.

ಸರ್ವರ್ ಏಳುತ್ತಿಲ್ಲ, ಲಾಗಿನಲ್ಲಿ ‘ಕರಪ್ಷನ್’ ಎಂಬ ಪದ ಕಾಣುತ್ತಿದೆ ಅಂದರೆ ಪ್ರಯೋಗ ನಿಲ್ಲಿಸಿ. ಸರ್ವರ್ ನಿಲ್ಲಿಸಿ ಡೇಟಾ ಫೋಲ್ಡರನ್ನು ಇದ್ದ ಹಾಗೇ ಬೇರೆ ಡಿಸ್ಕಿಗೆ ನಕಲು ಮಾಡಿ. ಇನ್ನೋಡಿಬಿಯ ‘ಫೋರ್ಸ್ ರಿಕವರಿ’ ಸೆಟ್ಟಿಂಗಿಗೆ 4 ಅಥವಾ ಹೆಚ್ಚು ಕೊಟ್ಟರೆ ಡೇಟಾ ಶಾಶ್ವತವಾಗಿ ಕೆಡಬಹುದು. ವೇರ್ ಇಲ್ಲದ ಅಪ್‌ಡೇಟ್ ಕಮಿಟ್ ಆಗಿಬಿಟ್ಟಿದ್ದರೂ ಅಷ್ಟೆ. ಗಾಬರಿಯಲ್ಲಿ ಮತ್ತೊಂದು ಅಪ್‌ಡೇಟ್ ಬರೆಯಬೇಡಿ. ಆ್ಯಪನ್ನು ನಿಲ್ಲಿಸಿ, ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಳ್ಳಿ. ಹಳೆಯ ಬ್ಯಾಕಪ್ ಹಾಕಿ, ಬೈನರಿ ಲಾಗನ್ನು ಆ ಕ್ಷಣದ ಮುಂಚಿನವರೆಗೆ ಮಾತ್ರ ಓಡಿಸಿ ವಾಪಸ್ ತರಬಹುದು. ಅದಕ್ಕೆ ಆ ಸಮಯ ಬೇಕು.

ಕರೆಯುವಾಗ ಎರರಿನ ಪೂರ್ತಿ ಸಾಲು, ಸರ್ವರಿನ ಆವೃತ್ತಿ, ಟೇಬಲ್ಲಿನ ‘ಶೋ ಕ್ರಿಯೇಟ್ ಟೇಬಲ್’, ಮತ್ತು ಕೆಡುವ ಮುಂಚೆ ಕೊನೆಗೆ ಏನು ಬದಲಿಸಿದಿರಿ ಅನ್ನುವುದನ್ನು ಕೊಡಿ. ಪಾಸ್‌ವರ್ಡ್ ಅಳಿಸಿ ಕೊಡಿ. ‘ಏನೂ ಬದಲಿಸಿಲ್ಲ’ ಅಂತ ಹೇಳುವ ಮುಂಚೆ ಒಮ್ಮೆ ಕೋಡಿನ ಹಿಸ್ಟರಿ ನೋಡಿಕೊಳ್ಳಿ.